ಕೇಳಿದ್ದು ವಿಶ್ವದ ಬಗ್ಗೆ

ಜನವರಿ 6

ತಮ್ಮಾ,

ನಿನ್ನೆ ಬೆಳಿಗ್ಗೆ ರೇಡಿಯೋದಲ್ಲಿ ನೀನು ಮಾತಾಡಿದ್ದು ಕೇಳಿದೆ. ನಿನ್ನ ಭಾವ ಗಡ್ಡ ಮಾಡಿಕೊಳ್ತಾ ಇದ್ದವರು ಅರ್ಧ ಮುಖಕ್ಕೆ ನೊರೆ ಇಟ್ಟುಕೊಂಡೇ ಹೊರಗೆ ಬಂದು, "ಬಾರೇ ಬೇಗ, ನಿನ್ನ ತಮ್ಮ ರೇಡಿಯೋ ಒಳಗೆ ಕೂತಿದಾನೆ" ಅಂತ ಕೂಗಿದರು. ಒಲೆ ಮೇಲೆ ಹಾಲು ಉಕ್ಕಿತು. ಉಕ್ಕಲಿ ಬಿಡು ಅಂತ ನಿಂತು ಕೇಳಿದೆ. ನಿನ್ನ ಧ್ವನಿ ಥೇಟ್ ಅಪ್ಪನದೇ ಆಗಿಹೋಗಿದೆ ಕಣೋ. ಮಾತು ಶುರುಮಾಡೋ ಮುಂಚೆ ಗಂಟಲು ಸರಿಮಾಡಿಕೊಳ್ಳೋದು ಕೂಡ.

ನೀನು ಹೇಳಿದ ಅರ್ಧ ನನ್ನ ತಲೆಗೆ ಹತ್ತಲಿಲ್ಲ. ಕೊನೆಗೆ ಆ ರೇಡಿಯೋ ಹುಡುಗಿ, "ಸರ್, ವಿಶ್ವಕ್ಕೆ ಅಂಚು ಅಂತ ಇದೆಯಾ?" ಅಂತ ಕೇಳಿದಳಲ್ಲ, ಅಷ್ಟು ಹೊತ್ತಿಗೆ ಕಿವಿ ನೆಟ್ಟಗಾಯ್ತು. "ಇಲ್ಲದೇ ಇರಬಹುದು. ಇಲ್ಲ ಅಂತಾದರೆ, ಎಲ್ಲೋ ಬಹಳ ದೂರದಲ್ಲಿ ಇಂಥದೇ ಸ್ಟುಡಿಯೋದಲ್ಲಿ ನಮ್ಮಂಥವರೇ ಇಬ್ಬರು ಕೂತು ಇದೇ ಮಾತಾಡ್ತಿರಬೇಕು" ಅಂದೆ. ಅವಳು ನಕ್ಕಳು, ಕಾರ್ಯಕ್ರಮ ಮುಗೀತು, ಸಾಬೂನಿನ ಜಾಹೀರಾತು ಬಂತು.

ಅದು ನಿಜಾನಾ, ಇಲ್ಲ ಆ ಹುಡುಗೀನ ನಗಿಸೋಕೆ ಅಂದಿದ್ದಾ?

ನೀನು ಚಿಕ್ಕಂದಿನಿಂದ ಮೇಲೆ ನೋಡೋನು, ನಾನು ಕೆಳಗೆ ನೋಡೋಳು. ಮೂವತ್ತು ವರ್ಷದಿಂದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ಜನರ ಮೈಯಿಂದ ಕತ್ತರಿಸಿ ತಂದ ಚೂರುಗಳನ್ನ ಸೂಕ್ಷ್ಮದರ್ಶಕದಲ್ಲಿ ನೋಡ್ತಾ ಇದೀನಿ. ಲೆನ್ಸು ಬದಲಾಯಿಸಿದ ಹಾಗೆಲ್ಲ ಒಳಗೆ ಇನ್ನೊಂದು ಊರು ಕಾಣುತ್ತೆ. ಓಣಿ, ಗೋಡೆ, ಬಾಗಿಲು. ಆಮೇಲೆ ಒಂದು ಹಂತದಲ್ಲಿ ಎಷ್ಟು ದೊಡ್ಡದು ಮಾಡಿದರೂ ಬರೀ ಮಸಕು. ಅಲ್ಲಿಗೆ ವಸ್ತು ಮುಗಿದಿರಲ್ಲ, ಬೆಳಕಿನ ಕೈಲಿ ಆಗೋದು ಮುಗಿದಿರುತ್ತೆ. ಮೇಲಕ್ಕೆ ಕೊನೆ ಇಲ್ಲ ಅನ್ನೋದಾದರೆ ಕೆಳಕ್ಕೂ ಇಲ್ಲವಾ? ಇಂಥದ್ದು ಕೇಳೋಕೆ ನನಗೆ ನೀನಲ್ಲದೆ ಯಾರಿದ್ದಾರೆ? ನಿನ್ನ ಭಾವನ್ನ ಕೇಳಿದರೆ, "ವಿಶ್ವದ್ದು ಆಮೇಲೆ, ನನ್ನ ಕನ್ನಡಕದ ಕೊನೆ ಎಲ್ಲಿದೆ ಹುಡುಕಿಕೊಡು" ಅಂತಾರೆ.

ಫೋನ್ ಮಾಡಬೇಡ. ಫೋನಲ್ಲಿ ನಾವಿಬ್ಬರೂ "ಊಟ ಆಯ್ತಾ, ಆರೋಗ್ಯಾನಾ" ದಾಟಿ ಹೋಗಿದ್ದೇ ಇಲ್ಲ. ಬರಿ.

ನಿನ್ನ ಅಕ್ಕ

*

ಜನವರಿ 21

ಅಕ್ಕಾ,

ನಿನ್ನ ಕಾಗದ ನೋಡಿ ಕುಣಿಯೋದೊಂದು ಬಾಕಿ. ಇಷ್ಟು ವರ್ಷದಲ್ಲಿ ನೀನಾಗಿ ನನ್ನ ಕೆಲಸದ ಬಗ್ಗೆ ಕೇಳಿದ್ದು ಇದೇ ಮೊದಲು. "ಸಂಬಳ ಜಾಸ್ತಿ ಆಯ್ತಾ" ಅನ್ನೋದು ಲೆಕ್ಕಕ್ಕಿಲ್ಲ.

ಆ ಹುಡುಗಿಯನ್ನು ನಗಿಸೋಕೆ ಹೇಳಿದ್ದಲ್ಲ. ಹೀಗೆ ಯೋಚನೆ ಮಾಡು. ನಿನ್ನ ಲ್ಯಾಬಿನಲ್ಲಿ ಗಾಜಿನ ಸ್ಲೈಡುಗಳನ್ನು ಸಾಲಾಗಿ ನಿಲ್ಲಿಸಿಡೋ ಮರದ ಪೆಟ್ಟಿಗೆ ಇದೆಯಲ್ಲ, ಅದರಲ್ಲಿ ಗೂಡುಗಳು ಇಷ್ಟೇ. ಸ್ಲೈಡುಗಳಿಗೆ ಹಾಕೋ ಬಣ್ಣಗಳೂ ಇಷ್ಟೇ. ಹಾಗಾದರೆ ಪೆಟ್ಟಿಗೆ ತುಂಬಿಸೋಕೆ ಎಷ್ಟೇ ರೀತಿ ಇದ್ದರೂ ಅದಕ್ಕೊಂದು ಮಿತಿ ಇದೆ. ಪೆಟ್ಟಿಗೆಗಳು ಮಾತ್ರ ಮುಗಿಯದೆ ಸಾಲಾಗಿ ಇಟ್ಟಿವೆ ಅಂತಿಟ್ಟುಕೋ. ನಡೀತಾ ಹೋದರೆ ಒಂದಲ್ಲ ಒಂದು ಕಡೆ ನಿನ್ನ ಪೆಟ್ಟಿಗೆಯಂಥದೇ ಪೆಟ್ಟಿಗೆ ಸಿಗಲೇಬೇಕು. ಕಣಗಳೂ ಹಾಗೇ, ಜಾಗವೂ ಹಾಗೇ. ನೀನು, ನಾನು, ನೊರೆ ಮೆತ್ತಿದ ಭಾವ, ಎಲ್ಲ ಒಂದೊಂದು ಜೋಡಣೆ. ನಾವು ಅಳೆದಿರುವಷ್ಟರ ಮಟ್ಟಿಗೆ ಆಕಾಶ ಎಲ್ಲೂ ಬಾಗಿದ ಹಾಗೆ ಕಾಣೋದಿಲ್ಲ. ಬಾಗದೇ ಇದ್ದರೆ ಸುತ್ತಿ ಬಂದು ಮುಗಿಯೋದೂ ಇಲ್ಲ ಅನ್ನೋದೇ ಸುಲಭದ ಊಹೆ.

ಕೆಳಗಿನದು ಇನ್ನೂ ಕಷ್ಟ. ಪರಮಾಣುವಿನ ಒಳಗೆ ನ್ಯೂಕ್ಲಿಯಸ್ ಅನ್ನೋ ಬೀಜ, ಬೀಜದ ಒಳಗೆ ಇನ್ನೂ ಸಣ್ಣವು. ಅವುಗಳ ಒಳಗೆ ಏನಿದೆ ಅಂತ ಯಾರೂ ಕಂಡಿಲ್ಲ. ಅಲ್ಲಿಗೆ ತಳ ಸಿಕ್ಕಿತು ಅನ್ನೋರು ಇದ್ದಾರೆ. ನಿನ್ನ ಹಾಗೆ, ಮಸಕಾಗಿದ್ದು ನಮ್ಮ ಕಣ್ಣು ಅನ್ನೋರೂ ಇದ್ದಾರೆ. ನಾನು ನಿನ್ನ ಪಕ್ಷ, ಬೇರೆ ದಾರಿ ಇದೆಯಾ?

ಇಲ್ಲಿ ಬೆಟ್ಟದ ಮೇಲೆ ಗಾಳಿ ಜೋರು. ರಾತ್ರಿಯೆಲ್ಲ ದೂರದರ್ಶಕದ ಹತ್ತಿರ ಕೂತು ಹಗಲು ಮಲಗೋರ ಊರು ಇದು. ಕಿಟಕಿಗಳಿಗೆಲ್ಲ ಕಪ್ಪು ಪರದೆ, ಓಣಿ ಉದ್ದಕ್ಕೂ "ಸದ್ದು ಮಾಡಬೇಡಿ" ಅನ್ನೋ ಹಲಗೆ. ನನಗೆ ಸರಿಯಾಗಿ ನಿದ್ದೆಯಿಲ್ಲ. ಮನೆಗೆ ಒಬ್ಬರು ನೆಂಟರು ಬಂದಿದ್ದಾರೆ, ಮಂಚ ಅವರಿಗೆ ಬಿಟ್ಟು ನಾನು ಸೋಫಾ ಮೇಲೆ ಕಾಲು ಮಡಚಿ ಮಲಗ್ತೀನಿ.

ನೀನು ಹೇಗಿದೀಯ? ಬೇರೆ ಏನಾದರೂ ಕೇಳೋದಿದ್ದರೂ ಕೇಳು. ಏನು ಬೇಕಾದರೂ.

ತಮ್ಮ

*

ಫೆಬ್ರವರಿ 5

ತಮ್ಮಾ,

ಮೊದಲು ನೆಂಟರ ವಿಷಯ. ಮಂಚ ಬಿಟ್ಟುಕೊಡುವಂಥ ನೆಂಟರು ಯಾರಪ್ಪ ಅವರು? ಹೆಸರು ಹೇಳಲ್ಲ, ಗಂಡಸೋ ಹೆಂಗಸೋ ಹೇಳಲ್ಲ. ಈ ವಯಸ್ಸಿನಲ್ಲಾದರೂ ನಿನಗೆ ಬುದ್ಧಿ ಬಂತಲ್ಲ ಅಂತ ನಿನ್ನ ಭಾವನಿಗೆ ಹೇಳಿದೆ. ಅವರು ನಗಲಿಲ್ಲ, ಪೇಪರ್ ಹಿಂದೆ ಮುಖ ಮುಚ್ಚಿಕೊಂಡರು. ಯಾರೇ ಆಗಲಿ ಚೆನ್ನಾಗಿ ನೋಡಿಕೋ. ಹೊಟ್ಟೆ ತುಂಬ ಊಟ ಹಾಕು. ನೀನು ಬ್ರೆಡ್ಡು ತಿಂದು ಬದುಕ್ತೀಯ ಅಂತ ಬಂದವರೂ ಅದನ್ನೇ ತಿನ್ನಬೇಕಾ?

ಪೆಟ್ಟಿಗೆಯ ಲೆಕ್ಕ ಅರ್ಥವಾಯ್ತು. ಲ್ಯಾಬಿನಲ್ಲಿ ಕೂತು ಅದನ್ನೇ ಯೋಚಿಸ್ತಾ ಇದ್ದೆ. ಒಂದು ವರದಿಯನ್ನ ಎರಡು ಸಲ ಬರೆದುಬಿಟ್ಟಿದ್ದೆ, ಜೂನಿಯರ್ ಡಾಕ್ಟರ್ ಬಂದು, "ಮೇಡಂ, ಈ ರೋಗಿಗೆ ಎರಡು ಹೊಟ್ಟೆ ಇದೆಯಾ?" ಅಂತ ಕೇಳಿದ.

ಈಗ ಇದನ್ನ ಹೇಳು. ಎಲ್ಲ ನಮ್ಮ ಹಾಗೇ ಇದ್ದು ಒಂದೇ ಒಂದು ಬೇರೆ ಇರೋ ಪೆಟ್ಟಿಗೇನೂ ಇರುತ್ತಾ? ಉದಾಹರಣೆಗೆ, ಒಂದು ಮಧ್ಯಾಹ್ನ. ಊಟದ ಮೇಜು. ನಾಲ್ಕು ಜನ ಬಂದಿದ್ದಾರೆ. ಒಬ್ಬಳು ಏನೋ ಒಂದು ಮಾತು ಆಡಬೇಕು ಅಂತ ಬಾಯಿ ತೆಗೆದಳು. ಆಡಲಿಲ್ಲ. ಒಂದು ಗುಟುಕು ನೀರು ಕುಡಿದು, ಎದುರಿಗೆ ಕೂತವಳ ತಟ್ಟೆಗೆ ಇನ್ನಷ್ಟು ಬಡಿಸಿದಳು. ಅಷ್ಟೇ. ಅಂಥವಳೂ ಎಲ್ಲೋ ಇರಲೇಬೇಕಾ? ಆಮೇಲೆ ಆ ಮನೆಯಲ್ಲಿ ಏನಾಗುತ್ತೆ? ಆ ಎದುರಿಗೆ ಕೂತವಳು ಈಗ ಹೇಗಿದ್ದಾಳೆ? ಎಲ್ಲಿದ್ದಾಳೆ? ಅದನ್ನ ತಿಳಿಯೋಕೆ ನಿಮ್ಮವರ ಹತ್ತಿರ ಏನಾದರೂ ದಾರಿ ಇದೆಯಾ?

ಸಮಯ ಮಾಡಿಕೊಂಡು ಉತ್ತರ ಬರಿ. ನಾನು ಕಾಯ್ತಾ ಇರ್ತೀನಿ. ನಿಜವಾಗಲೂ.

ಅಕ್ಕ

*

ಫೆಬ್ರವರಿ 22

ಅಕ್ಕಾ,

ಎಂಥ ಒಳ್ಳೆ ಪ್ರಶ್ನೆ! ನಮ್ಮ ವಿದ್ಯಾರ್ಥಿಗಳು ಇದನ್ನು ಕೇಳೋಕೆ ಎರಡು ವರ್ಷ ತಗೋತಾರೆ. ಮುಂದಿನ ಉಪನ್ಯಾಸಕ್ಕೆ ನಿನ್ನ ಊಟದ ಮೇಜನ್ನೇ ಉದಾಹರಣೆಯಾಗಿ ತಗೋತೀನಿ, ನಿನ್ನ ಹೆಸರು ಹೇಳಲ್ಲ.

ಉತ್ತರ: ಖಂಡಿತ ಇರ್ತಾಳೆ. ಒಬ್ಬಳಲ್ಲ, ಲೆಕ್ಕ ಇಲ್ಲದಷ್ಟು. ನೀರು ಕುಡಿದವಳು, ಕುಡಿಯದೆ ಎದ್ದು ಹೋದವಳು, ಆಡಬೇಕೆಂದಿದ್ದ ಮಾತಿನ ಬದಲು ಹಾಡು ಹೇಳಿದವಳು. ಪ್ರಕೃತಿಯ ನಿಯಮಕ್ಕೆ ವಿರುದ್ಧ ಅಲ್ಲದ್ದು ಯಾವುದೇ ಆದರೂ ಎಲ್ಲಾದರೂ ಆಗಿಯೇ ತೀರಬೇಕು. ಆದರೆ ಅವರು ಹೇಗಿದ್ದಾರೆ ಅಂತ ತಿಳಿಯೋಕೆ ದಾರಿ ಇಲ್ಲ. ಅವರಲ್ಲಿ ಎಲ್ಲರಿಗಿಂತ ಹತ್ತಿರದವಳು ಎಷ್ಟು ದೂರ ಅಂತ ಬರೆಯೋಕೆ ಹೊರಟರೆ, ಸೊನ್ನೆಗಳನ್ನು ಬರೆಯೋಕೆ ನಮ್ಮ ಆಕಾಶದಷ್ಟು ಕಾಗದವೂ ಸಾಲದು. ಅಲ್ಲಿಂದ ಬೆಳಕು ನಮ್ಮನ್ನು ಮುಟ್ಟೋದೇ ಇಲ್ಲ.

ಇದರಲ್ಲಿ ಒಂದು ಸೊಗಸಿದೆ ಕಣೇ. ಯಾವುದೂ ಪೂರ್ತಿ ಕಳೆದುಹೋಗಲ್ಲ. ಇಲ್ಲಿ ಆಗದೇ ಇದ್ದದ್ದು ಅಲ್ಲಿ ಆಗಿರುತ್ತೆ. ನನಗೆ ಬೇಜಾರಾದಾಗ ಅದನ್ನು ನೆನೆಸಿಕೊಳ್ತೀನಿ.

ನೆಂಟರು ಇನ್ನೂ ಇದ್ದಾರೆ. ನೀನು ಅಂದುಕೊಂಡ ಹಾಗೇನೂ ಅಲ್ಲ, ಸುಮ್ಮನೆ ಭಾವನ ಹತ್ತಿರ ನನ್ನ ಮರ್ಯಾದೆ ಕಳೆಯಬೇಡ. ಊಟ ಚೆನ್ನಾಗಿಯೇ ಹಾಕ್ತಿದ್ದೀನಿ. ಅಡುಗೆ ಕಲಿತಿದ್ದೀನಿ ಅಂದರೆ ನಂಬ್ತೀಯಾ?

ಮತ್ತೆ, ಅಕ್ಕಾ, ಮನೆ ಕಡೆ ಎಲ್ಲರೂ ಹೇಗಿದ್ದಾರೆ? ಯಾರಾದರೂ ತುಂಬ ನೆನಪಾಗ್ತಾರಾ ನಿನಗೆ? ಯಾರ ವಿಷಯವಾದರೂ ನನ್ನನ್ನು ಕೇಳಬೇಕು ಅನ್ನಿಸಿದರೆ ಸಂಕೋಚ ಬೇಡ. ವಿಶ್ವ ಎಲ್ಲೂ ಓಡಿಹೋಗಲ್ಲ, ಅದನ್ನು ಆಮೇಲೂ ಮಾತಾಡಬಹುದು.

ತಮ್ಮ

*

ಮಾರ್ಚ್ 9

ತಮ್ಮಾ,

ನಿನ್ನ "ಖಂಡಿತ" ಅನ್ನೋ ಪದದ ಮೇಲೆ ಬೆರಳಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಯಾರೋ ಪಾಮರರು ಹೇಳಿದ್ದರೆ ನಂಬ್ತಿರಲಿಲ್ಲ. ನೀನು ಜೀವಮಾನ ಇದಕ್ಕೇ ಸವೆಸಿದವನು. ನೀನೇ ಖಂಡಿತ ಅಂದಮೇಲೆ ಆಯ್ತು.

ಈಗ ಮನಸ್ಸು ಹಗುರವಾಗಿದೆ. ಕೆಲಸದ ನಡುವೆ ಕಣ್ಣೆತ್ತಿದಾಗ ಆ ಇನ್ನೊಂದು ಮೇಜು ಕಾಣುತ್ತೆ. ಅವಳು ಬಡಿಸಿದಳು, ಇವಳು ತಿಂದಳು, ಊಟ ಮುಗಿದಮೇಲೆ ಇಬ್ಬರೂ ಏನೋ ಒಂದಕ್ಕೆ ನಕ್ಕರು. ಅಷ್ಟು ಸಾಕು. ಇಲ್ಲಿ ಮಾಡಬೇಕಾದ್ದೇನೂ ಉಳಿದಿಲ್ಲ ಅನ್ನಿಸುತ್ತೆ. ಮೊನ್ನೆ ಮಗಳ ಕೋಣೆ ಖಾಲಿ ಮಾಡಿಸಿದೆ. ಅವಳು ಮನೆ ಬಿಟ್ಟು ಎರಡು ವರ್ಷವಾಯ್ತಲ್ಲ, ಬಾಗಿಲು ಹಾಕಿಯೇ ಇತ್ತು. ಮಂಚ ಬಿಚ್ಚಿಸಿದೆ. ಪುಸ್ತಕಗಳನ್ನ ಕಾಲೇಜಿಗೆ ಕಳಿಸಿದೆ. ನಿನ್ನ ಭಾವ ಆ ದಿನ ಊಟ ಮಾಡಲಿಲ್ಲ, ಹಿತ್ತಲಲ್ಲಿ ಫೋನ್ ಹಿಡಿದುಕೊಂಡು ಅಡ್ಡಾಡ್ತಾ ಇದ್ದರು. ಅವರ ಪಿಂಚಣಿ ಸಂಘದ ಗೆಳೆಯರ ಜೊತೆ ವಾರಕ್ಕೊಂದು ಸಲ ಹಾಗೆ ಗುಸುಗುಸು ಇದ್ದದ್ದೇ.

ನೀನು ಯಾರ ವಿಷಯವಾದರೂ ಕೇಳು ಅಂದಿದ್ದೀಯ. ನಾನು ಕೇಳಿದ್ದಾಯ್ತು, ನೀನು ಹೇಳಿದ್ದೂ ಆಯ್ತು. ನಿನ್ನ ಋಣ ದೊಡ್ಡದು.

ಅಕ್ಕ

*

ಮಾರ್ಚ್ 28

ಅಕ್ಕಾ,

ಇದನ್ನು ಹೇಗೆ ಶುರುಮಾಡಬೇಕೋ ಗೊತ್ತಾಗ್ತಿಲ್ಲ. ಫೋನ್ ಕೈಗೆ ತಗೊಂಡು ಕೆಳಗಿಟ್ಟೆ. ಬಾಯಲ್ಲಿ ಹೇಳೋಕೆ ಧೈರ್ಯ ಸಾಲದು.

ನನ್ನ ಮನೆಯಲ್ಲಿದ್ದ ನೆಂಟರು ನಿನ್ನ ಮಗಳು. ನಮ್ಮ ಪಿಟೀಲು. ಹಸುಗೂಸಾಗಿದ್ದಾಗ ತೆಳ್ಳಗೆ ಎಳೆದು ಎಳೆದು ಅಳ್ತಿದ್ದಳು ಅಂತ ನೀನೇ ಇಟ್ಟ ಹೆಸರು.

ಹೊಸ ವರ್ಷದ ಮೊದಲ ವಾರ ಒಂದು ಚೀಲ ಹಿಡಿದು ಬಂದಳು. ಬಸುರಿ. ಬಂದರಿನ ಕಾರ್ಖಾನೆಯಲ್ಲಿ ಹಡಗಿನ ಎಂಜಿನ್ ರಿಪೇರಿ ಮಾಡ್ತಾಳೆ. ಮಗುವಿನ ಅಪ್ಪ ಹಡಗಿನ ಮೇಲಿದ್ದಾನೆ, ಒಳ್ಳೆಯವನಂತೆ, ಬರೋದು ತಡವಂತೆ. "ಹೆರಿಗೆ ಹೊತ್ತಿಗೆ ನಮ್ಮವರು ಅಂತ ಯಾರಾದ್ರೂ ಇರಲಿ ಅನ್ನಿಸ್ತು ಚುಕ್ಕಿಮಾಮ" ಅಂದಳು. ಯಾರಾದರೂ ಅಂದರೆ ಯಾರು ಅಂತ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಿನಗೆ ತಿಳಿಸ್ತೀನಿ ಅಂದೆ. ಬೇಡ ಅಂದಳು. "ಅಮ್ಮ ತಾನಾಗಿ ನನ್ನ ಬಗ್ಗೆ ಕೇಳಿದ್ರೆ ಹೇಳು. ಒಂದೇ ಒಂದು ಮಾತು ಕೇಳಿದ್ರೂ ಸಾಕು, ಅವತ್ತೇ ಬಸ್ಸು ಹತ್ತುತೀನಿ. ಕೇಳದೇ ಇದ್ರೆ ನಾನಿಲ್ಲಿ ಇರೋದು ಗೊತ್ತಾಗೋದೇ ಬೇಡ." ನಾನು ಮಾತು ಕೊಟ್ಟೆ. ಎರಡೇ ದಿನಕ್ಕೆ ನಿನ್ನ ಕಾಗದ ಬಂತು. ನೀನು ಕೇಳಿಯೇ ಕೇಳ್ತೀಯ ಅಂತ ನಂಬಿದ್ದೆ.

ಒಂದೊಂದು ಕಾಗದ ಬಂದಾಗಲೂ ಅವಳು ಬಾಗಿಲಲ್ಲಿ ನಿಂತಿರ್ತಿದ್ದಳು.

"ಅಮ್ಮಂದಾ?"

"ಹೂಂ."

"ನನ್ನ ಬಗ್ಗೆ ಏನಾದ್ರೂ ಕೇಳಿದಾಳಾ?"

"ಇಲ್ಲ ಕಣೇ. ವಿಶ್ವದ ಬಗ್ಗೆ ಕೇಳಿದಾಳೆ."

"ವಿಶ್ವದ ಬಗ್ಗೆನಾ!" ಅಂತ ಮೊದಲನೇ ಸಲ ಜೋರಾಗಿ ನಕ್ಕಳು. ಎರಡನೇ ಸಲ ಅಷ್ಟು ನಗಲಿಲ್ಲ. ನಾನು ಕಾಗದ ಕೊಡೋಕೆ ಹೋದರೆ, "ನಿಮ್ಮ ಅಕ್ಕ-ತಮ್ಮನ ಶಾಸ್ತ್ರಚರ್ಚೆ ನಂಗ್ಯಾಕೆ" ಅಂತ ಒಳಗೆ ಹೋದಳು. ಕೋಣೆ ಖಾಲಿ ಮಾಡಿಸಿದ ಕಾಗದ ಬಂದಾಗ ನಾನು ಸುಳ್ಳು ಹೇಳೋಕೆ ನೋಡಿದೆ. ಅವಳಿಗೆ ನನ್ನ ಮುಖ ನೋಡಿದರೇ ಸಾಕಾಯ್ತು. "ಏನು ಬರೆದಿದಾಳೆ ಹೇಳು" ಅಂತ ಪಟ್ಟು ಹಿಡಿದಳು. ಹೇಳಿದೆ. "ಮಂಚಾನೂ ಬಿಚ್ಚಿಸಿದ್ಲಾ?" ಅಂದಳು.

ಈ ಎತ್ತರದಲ್ಲಿ ಇನ್ನು ಇರಬಾರದು ಅಂತ ನಮ್ಮ ಡಾಕ್ಟರೂ ಹೇಳಿದ್ದರು. ಇವತ್ತು ಮಧ್ಯಾಹ್ನ ಗೇಟಿನ ಹತ್ತಿರ ಬಸ್ಸಿಗೆ ಕಾಯ್ತಾ ನಿಂತಿದ್ದಾಗ ಕೇಳಿದೆ, ಅಷ್ಟಕ್ಕೂ ಆವತ್ತು ಏನಾಯ್ತೇ, ನೀವಿಬ್ಬರೂ ಯಾರೂ ಬಾಯಿ ಬಿಡಲ್ಲ ಅಂತ. ಗಾಳಿಗೆ ಮುಖ ಮಾಡಿ ನಿಂತೇ ಹೇಳಿದಳು. "ಡಾಕ್ಟರ್ ಓದು ಬಿಟ್ಟೆ ಅಂತ ಹೇಳಿದೆ ಮಾಮ. ಮನೆಗೆ ಊಟಕ್ಕೆ ಬಂದಿದ್ದೋರ ಮುಂದೇನೇ ಹೇಳಿದೆ, ಅದು ನನ್ನ ತಪ್ಪು. ಅಮ್ಮ ಅಂದಳು, 'ನಿನ್ನ ಹೆರೋ ಬದಲು ಆ ವರ್ಷ ನನ್ನ ಪರೀಕ್ಷೆ ಬರೆದಿದ್ರೆ ನಾನಾದ್ರೂ ನೆಟ್ಟಗೆ ಬದುಕ್ತಿದ್ದೆ.' ಎಲ್ಲರೂ ತಟ್ಟೆ ನೋಡ್ಕೊಂಡು ಕೂತಿದ್ರು."

ಬಸ್ಸು ಬಂತು. ಹತ್ತಿದಳು. ಎಲ್ಲಿಗೆ ಅಂತ ಹೇಳಲಿಲ್ಲ. "ಆ ಹಳೇ ಕಾರ್ಖಾನೆಗೆ ವಾಪಸ್ ಹೋಗಲ್ಲ, ಬೇರೆ ಬಂದರಿಗೆ ಹೋಗ್ತೀನಿ" ಅಂದಳು ಅಷ್ಟೇ.

ಬಸ್ಸು ತಿರುವಿನಲ್ಲಿ ಮರೆಯಾಗೋವರೆಗೂ ನನ್ನ ತಲೆಗೆ ಹೊಳೆಯಲಿಲ್ಲ ಅಕ್ಕಾ. ವಾಪಸ್ ನಡ್ಕೊಂಡು ಬರುವಾಗ ಹೊಳೀತು. ಊಟದ ಮೇಜು. ನಾಲ್ಕು ಜನ ಬಂದಿದ್ದಾರೆ. ಒಂದು ಗುಟುಕು ನೀರು. ಮನೆಗೆ ಬಂದು ನಿನ್ನ ಫೆಬ್ರವರಿ ಕಾಗದ ತೆಗೆದು ಓದಿದೆ. "ಆ ಎದುರಿಗೆ ಕೂತವಳು ಈಗ ಹೇಗಿದ್ದಾಳೆ? ಎಲ್ಲಿದ್ದಾಳೆ?" ಅಂತ ನೀನು ಸ್ಪಷ್ಟವಾಗಿ ಕೇಳಿದ್ದೀಯ. ಅವಳು ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ನಾನು ಸೊನ್ನೆಗಳ ಬಗ್ಗೆ ಬರೆದೆ.

ಅವಳ ಫೋನ್ ಆಫ್ ಆಗಿದೆ. ಏನು ಮಾಡಲಿ ಹೇಳು.

ತಮ್ಮ

*

ಏಪ್ರಿಲ್ 4

ಏನು ಮಾಡಲಿ ಅಂತ ನನ್ನನ್ನ ಕೇಳ್ತೀಯ.

ನಾನು ಇನ್ನು ಹೇಗೆ ಕೇಳಬೇಕಿತ್ತು? ಮಗಳು ಅಂತ ಬರೆದಾಗಲೆಲ್ಲ ಹಾಳೆ ಹರಿದು ಹಾಕಿದೆ, ಅದಕ್ಕೇ ಅವಳು ಅಂತ ಬರೆದೆ. ಅಷ್ಟು ದೂರದ ನಕ್ಷತ್ರದ ಮಿಣುಕು ನೋಡಿ ಅದರ ವಯಸ್ಸು ಹೇಳ್ತೀಯ, ಒಡಹುಟ್ಟಿದವಳು ಬರೆದ ನಾಲ್ಕು ಸಾಲು ಓದೋಕೆ ಬರಲಿಲ್ಲವಾ ನಿನಗೆ?

ಇನ್ನು ಬರೀಬೇಡ.

*

ಮೇ 17

ಅಕ್ಕಾ,

ಬರೀಬೇಡ ಅಂದಿದ್ದೀಯ. ಇದೊಂದು ಬರೆದು ಸುಮ್ಮನಾಗ್ತೀನಿ.

ಬಂದರುಗಳಿಗೆಲ್ಲ ಫೋನ್ ಮಾಡಿ ವಿಚಾರಿಸಿದೆ. ಎಂಜಿನ್ ರಿಪೇರಿ ಮಾಡೋ ಹೆಣ್ಣುಮಗಳು ಅಂದರೆ ಕೆಲವರು ನಗ್ತಾರೆ, ಕೆಲವರು ನೀವು ಯಾರು ಅಂತಾರೆ. ಸೋದರಮಾವ ಅಂದರೆ ನಂಬೋದಿಲ್ಲ. ಇಷ್ಟು ಹೊತ್ತಿಗೆ ಹೆರಿಗೆ ಆಗಿರಬೇಕು. ಭಾವ ಏನಾದರೂ ಹೇಳ್ತಾರಾ? ಅವರನ್ನು ಕೇಳೋಕೂ ನನಗೆ ಮುಖ ಇಲ್ಲ.

ಇನ್ನೊಂದು ವಿಷಯ. ನಾನು ಖಂಡಿತ ಅಂದಿದ್ದೆ. ಅದು ಸುಳ್ಳು. ರೇಡಿಯೋದಲ್ಲಿ "ಇರಬಹುದು" ಅಂದಿದ್ದೆ, ಅದು ಸರಿ. ನಿನಗೆ ಬರೆಯುವಾಗ ನೀನು ಮೊದಲ ಸಲ ನನ್ನ ಮಾತು ಕೇಳ್ತಿದ್ದೀಯ ಅನ್ನೋ ಖುಷಿಯಲ್ಲಿ ಕೈ ಜಾರಿತು. ಆಕಾಶ ಬಾಗಿಲ್ಲ ಅನ್ನೋದು ನಾವು ನೋಡೋಕಾಗುವಷ್ಟು ಜಾಗದ ಮಾತು. ದೊಡ್ಡ ಮೈದಾನದ ನಡುವೆ ನಿಂತ ಇರುವೆಗೂ ಭೂಮಿ ಸಪಾಟಾಗಿಯೇ ಕಾಣುತ್ತೆ. ಆಚೆ ಏನಿದೆ, ಮುಗಿಯುತ್ತಾ, ಮತ್ತೆ ಮತ್ತೆ ಅದೇ ಬರುತ್ತಾ, ಯಾರಿಗೂ ಗೊತ್ತಿಲ್ಲ. ಕೆಳಗೂ ಅಷ್ಟೇ. ತಳ ಇದೆಯಾ ಇಲ್ಲವಾ, ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳೋದೇ ನನ್ನ ಕೆಲಸ. ಅದನ್ನು ಎಲ್ಲರ ಹತ್ತಿರ ಹೇಳ್ತೀನಿ, ನಿನ್ನ ಹತ್ತಿರ ಒಂದು ಸಲ ಹೇಳಲಿಲ್ಲ.

ಆ ಇನ್ನೊಂದು ಮೇಜನ್ನು ನಂಬಿಕೊಂಡು ನೀನು ಕೂರಬೇಡ ಅಂತ ಇದನ್ನು ಬರೆದೆ.

ತಮ್ಮ

*

ಆಗಸ್ಟ್ 11

ತಮ್ಮಾ,

ನಿನ್ನ ಮೇ ತಿಂಗಳ ಕಾಗದ ಒಡೆದಿದ್ದು ಹೋದ ವಾರ. ಅದುವರೆಗೂ ದಿಂಬಿನ ಕೆಳಗಿತ್ತು.

ನಾನು ಏನು ಮಾಡ್ತಾ ಇದ್ದೆ ಗೊತ್ತಾ ಇಷ್ಟು ದಿನ? ಹೇಳೋಕೆ ನಾಚಿಕೆಯಾಗುತ್ತೆ. ಏಪ್ರಿಲಿನಿಂದ ಹೋದ ವಾರದವರೆಗೂ ಆ ಇನ್ನೊಬ್ಬಳ ಜೊತೆ ಇದ್ದೆ. ಆ ನೀರು ಕುಡಿದವಳು ಈಗ ಹೆರಿಗೆ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ, ಅವಳು ಈಗ ಮಗೂನ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಳು. ಅವಳು ಇದ್ದಾಳಲ್ಲ, ನಾನು ಹೋಗಿ ಯಾವ ಮುಖ ತೋರಿಸಲಿ ಅಂತ. ಹೋಗೋಕೆ ಹೆದರಿಕೆ ಇತ್ತು, ಅದಕ್ಕೆ ನಿನ್ನ ಆಕಾಶ ಅಡ್ಡ ಹಿಡಿದುಕೊಂಡೆ.

ನಿನ್ನ ಕಾಗದ ಓದಿದ ದಿನ ಲ್ಯಾಬಿನಲ್ಲಿ ಕೂತು ಯೋಚಿಸಿದೆ. ನೀನು ಹೇಳಿದ್ದು ಸರಿಯೋ ತಪ್ಪೋ ಅದು ಹಾಗಿರಲಿ. ಸರಿ ಅಂತಲೇ ಇಟ್ಟುಕೊಂಡೆ. ಎಲ್ಲ ಪೆಟ್ಟಿಗೆಗಳೂ ಇವೆ ಅಂದರೆ, ನಾನು ಆ ವರ್ಷ ಪರೀಕ್ಷೆ ಬರೆದು, ಮಗಳನ್ನ ಹೆರದೇ ಇದ್ದ ಪೆಟ್ಟಿಗೇನೂ ಇದೆ. ಆ ನಾನು ದೊಡ್ಡ ಆಸ್ಪತ್ರೆಯಲ್ಲಿ ಮುಖ್ಯಸ್ಥೆ ಆಗಿರಬಹುದು. ನಾನು ಆವತ್ತು ಬಾಯಿಬಿಟ್ಟು ಕೇಳಿದ್ದು ಅದನ್ನೇ ತಾನೇ? ಅದು ಅಲ್ಲಿ ನನಗೆ ಸಿಕ್ಕಿದೆ. ಆ ಮನೆಯಲ್ಲಿ ಮಂಚ ಬಿಚ್ಚಿಸೋಕೆ ಕೋಣೆಯೇ ಇಲ್ಲ. ಅದನ್ನ ನೆನೆದ ಮೇಲೆ ಅಲ್ಲಿ ಕೂರೋಕಾಗಲಿಲ್ಲ ಕಣೋ. ಸ್ಟೂಲಿನಿಂದ ಎದ್ದು ಕೈ ತೊಳೆದುಕೊಂಡು ಸೀದಾ ಮನೆಗೆ ಬಂದೆ.

ನಿನ್ನ ಭಾವ ತರಕಾರಿ ಹೆಚ್ಚುತ್ತಾ ಇದ್ದರು. ಎದುರಿಗೆ ನಿಂತು, "ರೀ, ನನ್ನ ಮಗಳು ಎಲ್ಲಿದಾಳೆ?" ಅಂದೆ.

ಚಾಕು ಕೆಳಗಿಟ್ಟರು. ಒಂದು ಕ್ಷಣ ತಡಮಾಡದೆ ಊರು, ಬೀದಿ, ಮನೆ ನಂಬರು, ಕೆಳಗಿರೋ ಅಂಗಡಿ, ಎಲ್ಲ ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಿದರು. ಹೇಳಿ ಮುಗಿಸಿ ಪಂಚೆಗೆ ಕೈ ಒರೆಸಿಕೊಂಡರು. "ಹೆಣ್ಣುಮಗು. ಮೇ ತಿಂಗಳಲ್ಲಿ ಆಯ್ತು. ನೀನು ಕೇಳ್ತೀಯ ಅಂತ ದಿನಾ ಕಾಯ್ತಾ ಇದ್ದೆ" ಅಂದರು. ಪಿಂಚಣಿ ಸಂಘವೂ ಇಲ್ಲ, ಎಂಥದೂ ಇಲ್ಲ. ವಾರ ವಾರ ಹಿತ್ತಲಲ್ಲಿ ಮಾತಾಡ್ತಿದ್ದದ್ದು ಅವಳ ಜೊತೆ. ಅವರಿಗೂ ಅದೇ ಷರತ್ತಂತೆ, ಅಮ್ಮ ಕೇಳಿದರೆ ಮಾತ್ರ. ಅವಳು ನಿನ್ನ ಮನೆಯಲ್ಲಿದ್ದದ್ದೂ ಅವರಿಗೆ ಗೊತ್ತಿತ್ತು.

ನೀವೆಲ್ಲರೂ ನನ್ನ ಬಾಯಿಂದ ಒಂದು ಮಾತು ಬರಲಿ ಅಂತ ಕಾಯ್ತಾ ಕೂತಿದ್ದಿರಿ. ನಾನು ಕೇಳಿಯಾಯ್ತು ಅಂತ ಕೂತಿದ್ದೆ.

ಹೋಗ್ತೀನಿ. ಯಾವಾಗ ಅಂತ ಗೊತ್ತಿಲ್ಲ. ಅವಳಿಗೆ ನನ್ನ ಮೇಲೆ ಸಿಟ್ಟಿದ್ದರೂ ಇರಲಿ, ನಿನ್ನ ಮೇಲಿನ ಸಿಟ್ಟು ನನಗೆ ಇಳಿದಿದೆ.

ಅಕ್ಕ

*

ಆಗಸ್ಟ್ 20

ಅಕ್ಕಾ,

ಯಾವಾಗ ಅಂತ ಯೋಚಿಸಬೇಡ. ಹೋಗು. ಅವಳಿಗೆ ನಿನ್ನ ಫೆಬ್ರವರಿ ಕಾಗದ ತೋರಿಸಬೇಕು ಅನ್ನಿಸಿದರೆ ಕಳಿಸ್ತೀನಿ. ಬೇಡ ಅನ್ನಿಸಿದರೆ ಬೇಡ. ನಾನೂ ಬರಲಾ ಜೊತೆಗೆ? ಒಂದು ಮಾತು ಹೇಳು, ಇಲ್ಲಿನದೆಲ್ಲ ಬಿಟ್ಟು ಬರ್ತೀನಿ.

ತಮ್ಮ

*

ಅಕ್ಟೋಬರ್ 15

ತಮ್ಮಾ,

ಹೋಗಿ ಬಂದೆ. ಒಬ್ಬಳೇ ಹೋಗಿದ್ದೆ. ನಿನ್ನ ಭಾವ ಸ್ಟೇಷನ್‌ವರೆಗೂ ಬಂದು ಅಲ್ಲೇ ನಿಂತರು.

ಟೈರು ಮಾರೋ ಅಂಗಡಿಯ ಮೇಲೆ ಮನೆ. ಪಕ್ಕದಲ್ಲಿ ಕಡಿದಾದ ಕಬ್ಬಿಣದ ಮೆಟ್ಟಿಲು. ಬೀದಿಯೆಲ್ಲ ರಬ್ಬರು, ಡೀಸೆಲ್ ವಾಸನೆ. ಮೆಟ್ಟಿಲ ಕಂಬಿಗೆ ಮಗುವಿನ ಬಟ್ಟೆ ಒಣಹಾಕಿತ್ತು, ಗಾಳಿಗೆ ಹಾರದ ಹಾಗೆ ಒಂದೊಂದಕ್ಕೂ ದೊಡ್ಡ ದೊಡ್ಡ ಕ್ಲಿಪ್ಪು. ಕಾರ್ಖಾನೆಯಿಂದ ತಂದಿದ್ದಿರಬೇಕು. ಬಾಗಿಲು ತಟ್ಟೋಕೆ ಮುಂಚೆಯೇ ತೆರೀತು. ನಾನು ಬರೋದನ್ನ ಅವಳಪ್ಪ ಹೇಳಿದ್ದರಂತೆ.

ಏನೇನೋ ಮಾತು ಕಟ್ಟಿಕೊಂಡು ಹೋಗಿದ್ದೆ. ರೈಲಿನಲ್ಲಿ ತುಟಿ ಅಲ್ಲಾಡಿಸ್ತಾ ಕೂತಿದ್ದು ನೋಡಿ ಎದುರಿನವರು ಜಪ ಮಾಡ್ತಿದ್ದಾರೆ ಅಂದುಕೊಂಡರೋ ಏನೋ. ಅದೆಲ್ಲ ಬಿಟ್ಟು ಅವಳನ್ನೇ ನೋಡ್ತಾ ನಿಂತೆ. ತೆಳ್ಳಗಾಗಿದ್ದಾಳೆ. ತೋಳು ಗಟ್ಟಿಯಾಗಿದೆ. ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು.

"ಬನ್ನಿ. ಕೂತ್ಕೊಳ್ಳಿ" ಅಂದಳು.

ಹುಟ್ಟಿದಾಗಿನಿಂದ ಅವಳು ನನಗೆ ಬಹುವಚನ ಹಚ್ಚಿದವಳಲ್ಲ. ಸಣ್ಣವಳಿದ್ದಾಗ ಸ್ಕೂಲಲ್ಲಿ ಯಾರೋ ದೊಡ್ಡವರಿಗೆ ನೀವು ಅನ್ನಬೇಕು ಅಂತ ಹೇಳಿಕೊಟ್ಟರು ಅಂತ ಒಂದು ದಿನ ನೀವು ಅಂದಿದ್ದಳು. ನಾನು ನಗಾಡಿದ್ದಕ್ಕೆ ಅದನ್ನೂ ಬಿಟ್ಟಳು. ಈಗ ಬೈದಿದ್ದರೆ, ಬಾಗಿಲು ಹಾಕಿದ್ದರೆ ಏನು ಮಾಡಬೇಕು ಅಂತ ಗೊತ್ತಿತ್ತು. ಕುರ್ಚಿ ಮೇಲಿದ್ದ ಬಟ್ಟೆ ತೆಗೆದು ಒರೆಸಿ ಕೊಟ್ಟಳು. ಟೀ ಮಾಡಿಕೊಟ್ಟಳು. ಸಕ್ಕರೆ ಎಷ್ಟು ಅಂತ ಕೇಳಿದಳು.

"ನಾನು ಆವತ್ತು ಅಂದ ಮಾತು" ಅಂತ ಶುರುಮಾಡಿದೆ.

"ಬಿಡಿ. ಆಗಿಹೋಯ್ತಲ್ಲ" ಅಂದಳು.

"ಚುಕ್ಕಿಮಾಮಂಗೆ ನಾನು ಬರೆದಿದ್ದು ನಿನ್ನ ಬಗ್ಗೇನೇ. ಅವನಿಗೆ ಗೊತ್ತಾಗಲಿಲ್ಲ."

"ಮಾಮ ಅಪ್ಪನ ಹತ್ರ ಹೊಸ ನಂಬರ್ ತಗೊಂಡು ಫೋನ್ ಮಾಡಿ ಹೇಳಿದ್ರು. ಕಾಗದಾನೂ ಓದಿ ಹೇಳಿದ್ರು, ಅಳ್ತಾ ಇದ್ರು ಪಾಪ." ಲೋಟದ ಅಂಚು ತಿರುವುತ್ತಾ ಕೂತಳು. "ಅದನ್ನ ಫೆಬ್ರವರಿಯಲ್ಲಿ ಕೇಳಿದ್ರೆ ಅವತ್ತೇ ಹೊರಟು ಬರ್ತಿದ್ದೆ. ಈಗ ಕೇಳಿದಾಗ ಒಳ್ಳೇದಾಯ್ತು ಅನ್ನಿಸ್ತು. ಅಷ್ಟೇ ಅನ್ನಿಸ್ತು. ಹೆರಿಗೆ ದಿನ ಪಕ್ಕದ ಮನೆಯೋರು ಬಂದಿದ್ರು, ಟೈರ್ ಅಂಗಡಿಯೋರ ಹೆಂಡ್ತಿ. ಕೈ ಹಿಡ್ಕೊಂಡಿದ್ದು ಅವ್ರೇ. ನನಗೆ ಅವತ್ತು ಮುಗಿದುಹೋಯ್ತು, ಕಾಯೋದು."

ಸಿಟ್ಟಿನಿಂದ ಹೇಳಲಿಲ್ಲ ತಮ್ಮಾ. ನಾನು ರೋಗಿಗಳ ಮನೆಯವರಿಗೆ ವರದಿ ಹೇಳ್ತೀನಲ್ಲ, ಹಾಗೆ ಹೇಳಿದಳು. ಆ ಧ್ವನಿ ನನ್ನಿಂದಲೇ ಕಲಿತಿದ್ದು.

ಮಗು ಎದ್ದಿತು. ಎತ್ತಿಕೊಂಡು ಬಂದಳು. ನಾನು ಕೈ ಚಾಚಲಿಲ್ಲ, ಅವಳಾಗಿ ಕೊಡಲಿ ಅಂತ. ಸ್ವಲ್ಪ ಹೊತ್ತಾದ ಮೇಲೆ, "ಕಿವಿ ಹಿಂದೆ ಕೆಂಪಗೆ ಗುಳ್ಳೆ ಎದ್ದಿದೆ, ನೋಡ್ತೀರಾ?" ಅಂತ ಮಡಿಲಿಗೆ ಕೊಟ್ಟಳು. ನೋಡಿದೆ. ಬೆವರುಸಾಲೆ, ಏನೂ ಭಯವಿಲ್ಲ ಅಂದೆ. ಸಣ್ಣ ಮೈ, ಬಿಸಿ. ನನ್ನ ಸರ ಹಿಡಿದು ಎಳೀತು. ನೋಡಿದ್ದಾದ ಮೇಲೂ ಕಿವಿ ಹಿಂದೇನೇ ನೋಡ್ತಾ ಕೂತಿದ್ದೆ, ವಾಪಸ್ ಕೊಡಬೇಕಾಗುತ್ತಲ್ಲ ಅಂತ.

ಅವಳ ಪಾಳಿಗೆ ಹೊತ್ತಾಗಿತ್ತು. ಆ ಟೈರ್ ಅಂಗಡಿಯವರ ಹೆಂಡತಿ ಮಗು ನೋಡಿಕೊಳ್ಳೋಕೆ ಬಂದರು. ನನ್ನನ್ನ ಮೇಲಿಂದ ಕೆಳಗೆ ನೋಡಿದರು, ಮಗು ಅವರತ್ತ ಹಾರಿತು. ಮತ್ತೆ ಬರಲಾ ಅಂತ ಕೇಳಿದೆ. "ಬನ್ನಿ, ತೊಂದ್ರೆ ಏನಿಲ್ಲ" ಅಂದಳು. ಅದನ್ನ ಹೇಗೆ ಬೇಕಾದರೂ ಓದಬಹುದು. ನಾನು ಒಳ್ಳೆ ರೀತಿಯಲ್ಲೇ ಓದಿಕೊಂಡಿದ್ದೀನಿ. ಮುಂದಿನ ತಿಂಗಳು ಹೋಗ್ತೀನಿ, ಅದರ ಮುಂದಿನ ತಿಂಗಳೂ ಹೋಗ್ತೀನಿ.

ಮೆಟ್ಟಿಲು ಇಳಿದು ಬೀದಿಗೆ ಬಂದು ತಿರುಗಿ ನೋಡಿದೆ. ಮೇಲೆ ಕಂಬಿ ಹತ್ತಿರ ಮೂವರೂ ನಿಂತಿದ್ದರು. ಮಗುವಿನ ಕೈ ಹಿಡಿದು ಅಲ್ಲಾಡಿಸಿದಳು.

"ಟಾಟಾ ಮಾಡು" ಅಂದಳು. "ಡಾಕ್ಟ್ರಿಗೆ ಟಾಟಾ ಮಾಡು."

ನಾನೂ ಕೈ ಎತ್ತಿ ಬೀಸಿದೆ.

ಅಕ್ಕ